ತಗಡಿನ ಪೆಟ್ಟಿಗೆಯೊಳಗಿನ ಮಂಟಪ

ನಮ್ಮ ಶಾಲೆಯ ಸ್ಮರಣ ಸಂಚಿಕೆಗೆ ಮುಖ್ಯೋಪಾಧ್ಯಾಯಿನಿಯು ಒಂದು ಲೇಖನವನ್ನು ಬರೆದುಕೊಡಬೇಕೆಂಬದು ರೂಢಿ. ಪರೀಕ್ಷೆಯ ಫಲಿತಾಂಶ, ಕಟ್ಟಡದ ದುರಸ್ತಿ, ದಾನಿಗಳ ಉಪಕಾರಸ್ಮರಣೆ ಇವೆಲ್ಲವೂ ವಾರ್ಷಿಕ ವರದಿಯಲ್ಲಿ ಬಂದಿರುವದರಿಂದ ಅವುಗಳನ್ನೇ ಮತ್ತೆ ಹೇಳಿ ವಾಚಕರಿಗೆ ಬೇಸರವುಂಟುಮಾಡಲು ನನಗೆ ಮನಸ್ಸಿಲ್ಲ. ಈ ಸಲ ಒಂದು ತಗಡಿನ ಪೆಟ್ಟಿಗೆಯ ಸಂಗತಿಯನ್ನು ಬರೆಯುತ್ತೇನೆ. ಅದರೊಳಗೆ ಇರುವವು ತಂತಿಯ ಎರಡು ಸುರುಳಿಗಳು ಮಾತ್ರ. ಆದರೂ ಇಪ್ಪತ್ತು ವರ್ಷಗಳ ಬೋಧನೆಯಲ್ಲಿ ನಾನು ಗಮನಿಸದೆ ಬಿಟ್ಟ ಒಂದು ತಪ್ಪನ್ನು ಅವು ನನಗೆ ತೋರಿಸಿಕೊಟ್ಟವು.

ಕಳೆದ ವರ್ಷ ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳು, ತನ್ನ ಯಜಮಾನರು ಬಳಸಿ ಬಿಟ್ಟಿದ್ದ ಗಿಟಾರ್ ವಾದ್ಯದ ಹಳೆಯ ಧ್ವನಿವರ್ಧಕವೊಂದನ್ನು ಸಂಗೀತದ ತರಗತಿಗೆಂದು ಕಳುಹಿಸಿಕೊಟ್ಟಳು. ಚಂದಾಪುರಕ್ಕೆ ಬಂದಿಳಿದ ಆ ಪೆಟ್ಟಿಗೆಯನ್ನು ಟಂಟಂ ಗಾಡಿಯಲ್ಲಿ ಹೇರಿಕೊಂಡು ಬಂದು ನಮ್ಮ ಜವಾನನು ವರಾಂಡದ ಫರಸಿಯ ಮೇಲೆ ಇಳಿಸುವಾಗಲೇ ಒಳಗೆ ಏನೋ ‘ಝಣ್’ ಎಂದಿತು. ವಿದ್ಯುತ್ತನ್ನು ಜೋಡಿಸಿ ನೋಡುತ್ತಿರುವಷ್ಟರಲ್ಲಿ ಹುಡುಗಿಯೊಬ್ಬಳ ಮೊಣಕೈ ಅದಕ್ಕೆ ತಾಕಿತು. ಕೂಡಲೇ ಗುಡುಗು ಸಿಡಿಲು ಒಟ್ಟಿಗೆ ಬಡಿದಂಥ ಶಬ್ದವು ಹೊರಟು ಮಕ್ಕಳೆಲ್ಲರೂ ಹಿಂದಕ್ಕೆ ಸರಿದರು.

“ಅಕ್ಕೋರೇ, ಇದರಾಗ ಸಿಡಿಲು ಕುಂತದ್ರೀ!” ಎಂದು ಚಿಕ್ಕವಳೊಬ್ಬಳು ಕೂಗಿದಳು.

ಮರುದಿನ ವಿದ್ಯುತ್ತಿನ ಸಂಬಂಧವನ್ನು ಪೂರ್ತಿಯಾಗಿ ತಪ್ಪಿಸಿ, ವಿಜ್ಞಾನದ ಉಪಾಧ್ಯಾಯಿನಿಯವರೂ ನಾನೂ ಕೂಡಿ ಹಿಂಬದಿಯ ಹಲಗೆಯನ್ನು ಬಿಚ್ಚಿದೆವು. ಕೆಳಗಡೆ ಮೊಳಕ್ಕಿಂತ ಸ್ವಲ್ಪ ಕಡಿಮೆ ಉದ್ದವಾದ ಉಕ್ಕಿನ ತಗಡಿನ ತಟ್ಟೆಯೊಂದಿತ್ತು. ಅದರೊಳಗೆ ಮತ್ತೊಂದು ಚೌಕಟ್ಟು ನಾಲ್ಕು ಮೂಲೆಗಳಲ್ಲಿ ಪುಟ್ಟ ಸ್ಪ್ರಿಂಗುಗಳಿಂದ ತೊಟ್ಟಿಲಿನಂತೆ ತೂಗುತ್ತಿತ್ತು. ಆ ಚೌಕಟ್ಟಿನ ಒಂದು ತುದಿಯಿಂದ ಇನ್ನೊಂದು ತುದಿಗೆ ಕೂದಲೆಳೆಗಿಂತ ತುಸು ದಪ್ಪನಾದ ತಂತಿಯಿಂದ ಸುತ್ತಿದ ಎರಡು ಉದ್ದವಾದ ಸುರುಳಿಗಳನ್ನು ಕಟ್ಟಲಾಗಿತ್ತು. ಮುಂಬದಿಯ ಗುಂಡಿಗಳಲ್ಲಿ ‘ರಿವರ್ಬ್’ ಎಂದು ಬರೆದಿದ್ದ ಗುಂಡಿಗೆ ಸಂಬಂಧಪಟ್ಟ ಯಂತ್ರವು ಇದೇ. ಆ ಗುಂಡಿಯನ್ನು ಪೂರ್ತಿ ಇಳಿಸಿ ಹಾಡಿದರೆ ಬಯಲಿನಲ್ಲಿ ನಿಂತು ಹಾಡಿದ ಹಾಗೆ ಸ್ವರವು ಒಣಗಿ ಕೇಳುವದು. ಏರಿಸುತ್ತ ಹೋದರೆ ಅದೇ ಸ್ವರವು ಕಲ್ಲಿನ ದೊಡ್ಡ ಮಂಟಪದಲ್ಲಿ ಹಾಡಿದಂತೆ ತುಂಬಿಕೊಳ್ಳುವದು. ಮೊಳವೂ ಇಲ್ಲದ ತಗಡಿನಲ್ಲಿ ಮಂಟಪವು ಹೇಗೆ ಅಡಗಿತು ಎಂಬದೇ ಮಕ್ಕಳ ಪ್ರಶ್ನೆ. ನನ್ನ ಪ್ರಶ್ನೆಯೂ ಅದೇ ಆಗಿತ್ತು.

ಇದನ್ನು ತಿಳಿಯಬೇಕಾದರೆ ಮೊದಲು ಮಂಟಪದಲ್ಲಿ ಏನಾಗುತ್ತದೆಂದು ತಿಳಿಯಬೇಕು. ನಮ್ಮ ಹುಡುಗಿಯರು ಪ್ರವಾಸದಲ್ಲಿ ವಿಜಯಪುರದ ಗೋಳಗುಮ್ಮಟವನ್ನು ನೋಡಿ ಬಂದವರು. 1656ರಲ್ಲಿ ತೀರಿಕೊಂಡ ಮಹಮ್ಮದ್ ಆದಿಲಶಾಹನ ಆ ಸಮಾಧಿಯ ಗುಮ್ಮಟದ ಒಳಗಿನ ಅಡ್ಡಳತೆ ಸುಮಾರು 124 ಅಡಿ. ಮೇಲಿನ ಸುತ್ತುಪಡಸಾಲೆಯಲ್ಲಿ ನಿಂತು ಒಮ್ಮೆ ಚಪ್ಪಾಳೆ ತಟ್ಟಿದರೆ ಅದು ಹಲವು ಸಲ ಮರಳಿ ಕೇಳುವದು. ಶಬ್ದವು ಗಾಳಿಯಲ್ಲಿ ಒಂದು ಸೆಕೆಂಡಿಗೆ ಸುಮಾರು 340 ಮೀಟರು, ಎಂದರೆ 1100 ಅಡಿಗಳಿಗಿಂತ ಸ್ವಲ್ಪ ಹೆಚ್ಚು ದೂರ ಹೋಗುತ್ತದೆ. ಎದುರಿನ ಗೋಡೆಗೆ ಹೋಗಿ ಮರಳಲು ಅದಕ್ಕೆ ಕಾಲು ಸೆಕೆಂಡಿಗೆ ತುಸು ಕಡಿಮೆ ಕಾಲ ಹಿಡಿಯುವದು. ಒಂದು ಸೆಕೆಂಡಿನ ಹತ್ತನೆಯ ಒಂದು ಪಾಲಿಗಿಂತ ಹೆಚ್ಚು ತಡವಾಗಿ ಬಂದ ಚಪ್ಪಾಳೆಯನ್ನು ನಮ್ಮ ಕಿವಿಯು ಮೊದಲಿನದರಿಂದ ಬೇರ್ಪಡಿಸಿ ಕೇಳಬಲ್ಲುದು. ಇದು ಪ್ರತಿಧ್ವನಿ. ಚಿಕ್ಕ ಮಂಟಪದಲ್ಲಾದರೋ ಗೋಡೆಗಳು ಹತ್ತಿರವಾಗಿರುವದರಿಂದ ಮರಳಿ ಬಂದ ಶಬ್ದಗಳು ಒಂದರ ಬೆನ್ನಿಗೆ ಒಂದು ನೂರಾರು ಸಂಖ್ಯೆಯಲ್ಲಿ ಬಂದು ಮುಟ್ಟುತ್ತವೆ. ಅವುಗಳನ್ನು ಎಣಿಸಲಾಗುವದಿಲ್ಲ, ಮೂಲಸ್ವರಕ್ಕೆ ಉದ್ದವಾದ ಬಾಲವೊಂದು ಬೆಳೆದು ಮೆಲ್ಲನೆ ಕರಗಿದಂತೆ ತೋರುವದು. ಇದಕ್ಕೆ ಅನುರಣನವೆಂದು ಹೆಸರು. ಸುರುಳಿಯ ಪೆಟ್ಟಿಗೆಯು ಅನುಕರಿಸುವದು ಈ ಎರಡನೆಯದನ್ನು.

ಹೇಗೆ ಅನುಕರಿಸುತ್ತದೆ ಎಂಬದನ್ನು ತೋರಿಸಲು ನಾವು ಹುಡುಗಿಯರನ್ನು ಅಂಗಳದ ಬೇವಿನ ಮರದ ಬಳಿಗೆ ಕರೆದುಕೊಂಡು ಹೋದೆವು. ಭಾವಿಯ ಹಗ್ಗದ ಒಂದು ತುದಿಯನ್ನು ಮರಕ್ಕೆ ಬಿಗಿದು, ಇನ್ನೊಂದು ತುದಿಯನ್ನು ಹಿಡಿದು ಒಮ್ಮೆ ಜಾಡಿಸಿದರೆ ಹಗ್ಗದಲ್ಲಿ ಒಂದು ಉಬ್ಬು ಎದ್ದು ಮರದವರೆಗೆ ಓಡುವದು. ಅಲ್ಲಿ ಅದು ನಿಲ್ಲುವದಿಲ್ಲ. ತಲೆಕೆಳಗಾಗಿ ತಿರುಗಿ ನಮ್ಮ ಕೈಗೇ ಬಂದು ಬಡಿಯುವದು. ಹಗ್ಗವು ತನ್ನ ಸ್ಥಳದಲ್ಲಿಯೇ ಇದೆ. ಪ್ರಯಾಣ ಮಾಡಿದ್ದು ಅಲುಗಾಟ ಮಾತ್ರ. ಸುರುಳಿಯಲ್ಲಿಯೂ ಇದೇ ನಡೆಯುತ್ತದೆ. ಆದರೆ ಅಲ್ಲಿ ಅಲುಗಾಟವು ಮೇಲೆ ಕೆಳಗೆ ಆಗುವದಲ್ಲ, ತಿರುಚುವದು.

ಧ್ವನಿವರ್ಧಕದೊಳಗೆ ಸಂಗೀತವು ವಿದ್ಯುತ್ತಿನ ಏರಿಳಿತವಾಗಿ ಹರಿಯುತ್ತಿರುತ್ತದೆ. ಅದರ ಒಂದು ಭಾಗವನ್ನು ತಗಡಿನ ತಟ್ಟೆಯ ಒಂದು ತುದಿಯಲ್ಲಿರುವ ಸಣ್ಣ ತಂತಿಯ ಉಂಡೆಗೆ ಕಳುಹಿಸುತ್ತಾರೆ. ವಿದ್ಯುತ್ತು ಏರಿಳಿದಂತೆ ಅಲ್ಲಿಯ ಕಾಂತಶಕ್ತಿಯೂ ಏರಿಳಿಯುವದು. ಸುರುಳಿಯ ತುದಿಗೆ ಅಕ್ಕಿಕಾಳಿನಷ್ಟು ಚಿಕ್ಕದಾದ ಅಯಸ್ಕಾಂತವನ್ನು ಸಿಕ್ಕಿಸಿರುತ್ತಾರೆ. ಅದು ಈ ಕಾಂತಶಕ್ತಿಗೆ ಸಿಕ್ಕಿ, ಮಜ್ಜಿಗೆಯಲ್ಲಿ ಕಡಗೋಲು ತಿರುಗುವಂತೆ ಒಮ್ಮೆ ಈ ಕಡೆಗೆ, ಒಮ್ಮೆ ಆ ಕಡೆಗೆ, ಒಂದು ಸೆಕೆಂಡಿಗೆ ನೂರಾರು ಸಲ ಹೊರಳುತ್ತದೆ. ಆ ತಿರುಚು ಸುತ್ತಿನಿಂದ ಸುತ್ತಿಗೆ ದಾಟುತ್ತ ಸುರುಳಿಯ ಮತ್ತೊಂದು ತುದಿಯನ್ನು ಮುಟ್ಟುವದು. ಅಲ್ಲಿಯೂ ಅಂಥದೇ ಒಂದು ಅಯಸ್ಕಾಂತ, ಅಂಥದೇ ಒಂದು ತಂತಿಯ ಉಂಡೆ ಇವೆ. ಅಯಸ್ಕಾಂತವು ಹೊರಳಿದೊಡನೆ ಆ ಉಂಡೆಯಲ್ಲಿ ವಿದ್ಯುತ್ತು ಹುಟ್ಟುತ್ತದೆ. ಅದನ್ನು ಬೆಳೆಸಿ ಮೂಲಸ್ವರದೊಡನೆ ಬೆರೆಸಿದರೆ ನಮಗೆ ಕೇಳುವದು ಮೂಲಸ್ವರವೂ ಅದರ ತಡವಾದ ನೆರಳೂ.

ನೆರಳು ಒಂದೇ ಅಲ್ಲವೆಂಬದು ಮುಖ್ಯ. ತುದಿಯನ್ನು ಮುಟ್ಟಿದ ತಿರುಚಿನಲ್ಲಿ ಬಹುಭಾಗವು ಮರಕ್ಕೆ ಬಡಿದ ಹಗ್ಗದ ಉಬ್ಬಿನಂತೆ ಹಿಂದಕ್ಕೆ ಓಡಿ, ಹೊರಟ ತುದಿಗೆ ಬಡಿದು, ಮತ್ತೆ ಮುಂದಕ್ಕೆ ಬರುವದು. ಈ ಬಗೆಯ ಪೆಟ್ಟಿಗೆಗಳಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವ ಒಂದು ಮಾದರಿಯಲ್ಲಿ ಒಂದು ಸುರುಳಿಯನ್ನು ದಾಟಲು ತಿರುಚಿಗೆ ಸುಮಾರು 33 ಮಿಲಿಸೆಕೆಂಡು, ಇನ್ನೊಂದನ್ನು ದಾಟಲು ಸುಮಾರು 41 ಮಿಲಿಸೆಕೆಂಡು ಹಿಡಿಯುತ್ತದೆ. ಸೆಕೆಂಡಿನ ಸಾವಿರದ ಒಂದು ಪಾಲೇ ಮಿಲಿಸೆಕೆಂಡು. ಹೋಗಿ ಬಂದು ಹೋಗುವದೆಂದರೆ ಮೂರು ಪಟ್ಟು ದಾರಿ. ಆದುದರಿಂದ ಮೊದಲನೆಯ ಸುರುಳಿಯ ನೆರಳುಗಳು 33, 99, 165 ಎಂಬ ಲೆಕ್ಕದಲ್ಲಿಯೂ ಎರಡನೆಯದರವು 41, 123, 205 ಎಂಬ ಲೆಕ್ಕದಲ್ಲಿಯೂ ಬರುತ್ತವೆ. ಎರಡು ಸುರುಳಿಗಳೂ ಸರಿಸಮವಾಗಿದ್ದರೆ ನೆರಳುಗಳು ಒಂದರ ಮೇಲೊಂದು ಬಿದ್ದು, ಒಂದೇ ಅಳತೆಯ ತಾಳದಂತೆ ಕೇಳಿ, ಮೋಸವು ಬಯಲಾಗುತ್ತಿತ್ತು. ಅಸಮವಾಗಿರುವದರಿಂದ ಒಂದರ ಸಂದನ್ನು ಇನ್ನೊಂದು ತುಂಬುತ್ತದೆ. ಒಂದೊಂದು ಸಲವೂ ಬಲವು ಸ್ವಲ್ಪ ಸ್ವಲ್ಪವಾಗಿ ಕುಂದಿ, ಎರಡು ಮೂರು ಸೆಕೆಂಡುಗಳಲ್ಲಿ ಎಲ್ಲವೂ ಅಡಗುತ್ತದೆ. 33 ಮಿಲಿಸೆಕೆಂಡಿನಲ್ಲಿ ಶಬ್ದವು ಗಾಳಿಯಲ್ಲಿ ಸುಮಾರು 11 ಮೀಟರು ನಡೆಯುವದೆಂಬದನ್ನು ನೆನೆದರೆ, ಆ ತಗಡಿನ ತಟ್ಟೆಯಲ್ಲಿ ಮಂಟಪವು ಹೇಗೆ ಅಡಗಿತೆಂಬದು ಬಿಡಿಸಿದಂತಾಯಿತು. ತಂತಿಯನ್ನು ಸುರುಳಿಯಾಗಿ ಸುತ್ತಿದವರು ದೂರವನ್ನೇ ಸುತ್ತಿಟ್ಟಿದ್ದಾರೆ.

ಆದರೂ ಸುರುಳಿಯ ಧ್ವನಿಯು ಮಂಟಪದ ಧ್ವನಿಯೇ ಅಲ್ಲ. ಗಾಳಿಯಲ್ಲಿ ಕೀರಲುಸ್ವರವೂ ಗಡಸುಸ್ವರವೂ ಒಂದೇ ವೇಗದಲ್ಲಿ ನಡೆಯುತ್ತವೆ. ಸುರುಳಿಯಲ್ಲಿ ಹಾಗಲ್ಲ, ಅದು ಸಾಗಿಸಬಲ್ಲ ಸ್ವರಗಳಲ್ಲಿ ಕೆಳಗಿನವು ಮುಂದೆ ಓಡಿ, ಮೇಲಿನವು ಹಿಂದೆ ಬೀಳುತ್ತವೆ. ಒಂದೇ ಗೆರೆಯಿಂದ ಒಟ್ಟಿಗೆ ಬಿಟ್ಟ ಓಟಗಾರ್ತಿಯರು ದೂರ ಹೋದಂತೆಲ್ಲ ಚದರುವಂತೆ, ಒಂದೇ ಚಿಟಿಕೆಯ ಶಬ್ದವು ದಾರಿಯಲ್ಲಿ ಚದರಿ, ತುದಿಗೆ ಬರುವಷ್ಟರಲ್ಲಿ ‘ಟೊಂಯ್’ ಎಂದು ಎಳೆದುಕೊಂಡು ಕೇಳುವದು. ನೀರಹನಿ ಬಿದ್ದಂಥ ಆ ಗುಣವು ಸುರುಳಿಯ ಗುರುತು. ಪೆಟ್ಟಿಗೆಗೆ ಮೊಣಕೈ ತಾಕಿದಾಗ ಗುಡುಗಿದ್ದಕ್ಕೂ ಕಾರಣವು ಇದರಲ್ಲಿಯೇ ಇದೆ. ಹೊಡೆತವು ನೇರವಾಗಿ ಸುರುಳಿಗಳನ್ನು ಕುಲುಕಿತು. ಅವು ಅದನ್ನೂ ಸಂಗೀತವೆಂದು ಭಾವಿಸಿ ಹಿಂದೆ ಮುಂದೆ ಒಯ್ದು ಧ್ವನಿವರ್ಧಕಕ್ಕೆ ಒಪ್ಪಿಸಿದವು. ಒಳಚೌಕಟ್ಟನ್ನು ತೊಟ್ಟಿಲಿನಂತೆ ತೂಗುಬಿಟ್ಟಿರುವದು ಇಂಥ ಹೊಡೆತಗಳನ್ನು ಕಡಿಮೆ ಮಾಡುವದಕ್ಕಾಗಿಯೇ.

ಈ ಯುಕ್ತಿಯನ್ನು ಮೊದಲು ಮಾಡಿದವರು ಸಂಗೀತಗಾರರಲ್ಲ. ಅಮೆರಿಕದ ಬೆಲ್ ದೂರವಾಣಿ ಪ್ರಯೋಗಶಾಲೆಯವರು ದೂರದೂರಿನ ಸಂಭಾಷಣೆಯಲ್ಲಿ ಮಾತು ತಡವಾಗಿ ಮುಟ್ಟುವದನ್ನು ಅನುಕರಿಸಿ ನೋಡಲು ಸುರುಳಿಗಳನ್ನು ಬಳಸಿದ್ದರು. ಲಾರೆನ್ಸ್ ಹ್ಯಾಮಂಡ್ ಎಂಬವರು 1935ರಲ್ಲಿ ವಿದ್ಯುತ್ತಿನ ಆರ್ಗನ್ ವಾದ್ಯವನ್ನು ಮಾರಾಟಕ್ಕೆ ತಂದರು. ಕೊಳವೆಗಳ ದೊಡ್ಡ ಆರ್ಗನ್ನನ್ನು ಕೊಳ್ಳುವ ಶಕ್ತಿಯಿಲ್ಲದ ಅನೇಕ ಸಭೆಗಳು ತಮ್ಮ ದೇವಾಲಯಗಳಿಗೆ ಅದನ್ನು ತರಿಸಿಕೊಂಡವು. ಆದರೆ ಚಿಕ್ಕ ಕೋಣೆಗಳಲ್ಲಿಯೂ ಜಮಖಾನೆ ಪರದೆಗಳುಳ್ಳ ಮನೆಗಳಲ್ಲಿಯೂ ಆ ವಾದ್ಯದ ಸ್ವರವು ಒಣಗಿ ಕೇಳುತ್ತಿತ್ತು; ಕಲ್ಲಿನ ದೊಡ್ಡ ದೇವಾಲಯದಲ್ಲಿ ಕೇಳಿ ಪಳಗಿದ ಕಿವಿಗಳಿಗೆ ಅದು ಸಾಲಲಿಲ್ಲ. ಹ್ಯಾಮಂಡರು ಸುರುಳಿಗಳನ್ನು ವಾದ್ಯದ ಜೊತೆಗೆ ಸೇರಿಸಿ, 1941ರಲ್ಲಿ ಅದಕ್ಕೆ ಹಕ್ಕುಪತ್ರವನ್ನು ಪಡೆದರು. ಅವರ ಮೊದಮೊದಲಿನ ಯಂತ್ರಗಳು ಎತ್ತರವಾಗಿದ್ದು, ಸುರುಳಿಗಳ ಅಲುಗಾಟವನ್ನು ಹದದಲ್ಲಿಡಲು ಎಣ್ಣೆ ತುಂಬಿದ ಕೊಳವೆಗಳು ಬೇಕಾಗುತ್ತಿದ್ದವು. 1960ರ ಸುಮಾರಿಗೆ ಹಗುರವಾದ ತಗಡಿನ ತಟ್ಟೆಯು ಬಂದಿತು. ಲಿಯೋ ಫೆಂಡರ್ ಎಂಬವರ ಸಂಸ್ಥೆಯು 1961ರಲ್ಲಿ ಅದನ್ನು ಪ್ರತ್ಯೇಕ ಪೆಟ್ಟಿಗೆಯಾಗಿಯೂ 1963ರಲ್ಲಿ ಗಿಟಾರಿನ ಧ್ವನಿವರ್ಧಕದ ಒಳಗೇ ಇಟ್ಟೂ ಮಾರಿತು. ಇಂದು ಈ ಕೆಲಸವನ್ನು ಗಣಕಯಂತ್ರದ ಲೆಕ್ಕಾಚಾರವೂ ಮಾಡಬಲ್ಲುದು. ಆದರೂ ಸುರುಳಿಯ ತಟ್ಟೆಗಳನ್ನು ಇನ್ನೂ ತಯಾರಿಸುತ್ತಿದ್ದಾರೆ.

ಇಷ್ಟು ಕಲಿತು ಸಂತೋಷಪಟ್ಟು ಸುಮ್ಮನಿದ್ದರೆ ಈ ಲೇಖನಕ್ಕೆ ಅವಶ್ಯವಿರಲಿಲ್ಲ. ಇನ್ನು ನನ್ನ ತಪ್ಪಿನ ಸಂಗತಿಗೆ ಬರುತ್ತೇನೆ.

ಒಂದು ದಿನ ಪ್ರಾರ್ಥನೆಯ ಹಾಡಿನ ತರುವಾಯ ಹುಡುಗಿಯೊಬ್ಬಳು ಅದೇ ಧ್ವನಿವರ್ಧಕದ ಮೂಲಕ ದಿನದ ಸುದ್ದಿಗಳನ್ನು ಓದಿದಳು. ಹಾಡಿಗಾಗಿ ಏರಿಸಿದ್ದ ಗುಂಡಿಯನ್ನು ಇಳಿಸಲು ನಾವು ಮರೆತಿದ್ದೆವು. ಹಾಡಿನಲ್ಲಿ ಅಷ್ಟು ಇಂಪಾಗಿದ್ದ ಆ ಬಾಲವು ಓದಿನಲ್ಲಿ ಒಂದು ಪದದ ಮೇಲೆ ಮತ್ತೊಂದನ್ನು ಹೇರಿ ಎಲ್ಲವನ್ನೂ ಕಲಸಿಬಿಟ್ಟಿತು. ಗುಂಡಿಯನ್ನು ಇಳಿಸಿದೊಡನೆ ಮಾತು ತಿಳಿಯಾಯಿತು. ಆಗ ಒಂಬತ್ತನೆಯ ತರಗತಿಯ ಒಬ್ಬ ಹುಡುಗಿ, ಸಾಮಾನ್ಯವಾಗಿ ಬಾಯಿ ಬಿಡದವಳು, ನನ್ನ ಬಳಿಗೆ ಬಂದು ಮೆಲ್ಲನೆ ಹೇಳಿದಳು: “ಅಕ್ಕೋರೇ, ಉಕ್ತಲೇಖನದಾಗ ನಮಗ ಹಿಂಗೇ ಕೇಳ್ತದ್ರೀ. ಒಂದು ಮಾತಿನ ಮ್ಯಾಲ ಮತ್ತೊಂದು ಬಂದು ಕುಂದ್ರತದ. ಅದಕ್ಕ ಗುಂಡಿ ಇಲ್ಲೇನ್ರೀ?”

ಈ ಹುಡುಗಿಯು ಚಿಂಚೋಳಿ ತಾಲೂಕಿನ ಒಂದು ತಾಂಡೆಯವಳು. ಮನೆಯ ಮಾತು ಲಂಬಾಣಿ. ಎತ್ತರವಾಗಿರುವದರಿಂದ ಹಿಂದಿನ ಬೆಂಚಿನಲ್ಲಿ ಕುಳಿತುಕೊಳ್ಳುವಳು. ಉಕ್ತಲೇಖನದಲ್ಲಿ ಅವಳು ಪದಗಳ ತುದಿಗಳನ್ನು ತಪ್ಪಿಸುತ್ತಿದ್ದಳು. ‘ಮನೆಗೆ’ ಎಂದರೂ ‘ಮನೆಯಿಂದ’ ಎಂದರೂ ‘ಮನೆಯ’ ಎಂದೇ ಬರೆಯುವಳು. ‘ಬಂದಳು’ ಎಂಬಲ್ಲಿ ‘ಬಂದರು’ ಎಂದು ಬರೆಯುವಳು. ಮನೆಮಾತು ಕನ್ನಡವಲ್ಲದ್ದರಿಂದ ವ್ಯಾಕರಣವು ಹತ್ತುತ್ತಿಲ್ಲವೆಂದು ನಾನು ತೀರ್ಮಾನಿಸಿದ್ದೆನು. ಗಮನ ಸಾಲದೆಂದು ಎರಡು ಸಲ ಎಲ್ಲರೆದುರಿಗೆ ಗದರಿಸಿದ್ದೆನು. ತಪ್ಪಾದ ಪದಗಳನ್ನು ಇಪ್ಪತ್ತೈದು ಸಲ ಬರೆಸಿದ್ದೆನು. ಅವಳು ಮರುಮಾತಾಡದೆ ಬರೆದು ತಂದಿದ್ದಳು.

ಆ ದಿನ ಸಂಜೆ ಸಹೋದ್ಯೋಗಿಯೊಬ್ಬರನ್ನು ವೇದಿಕೆಯ ಮೇಲೆ ನಿಲ್ಲಿಸಿ, ನಾನು ಸಭಾಗೃಹದ ಕೊನೆಯ ಬೆಂಚಿನಲ್ಲಿ ಕಾಗದವನ್ನು ಹಿಡಿದು ಕುಳಿತೆನು. ನಾನು ನೋಡಿರದ ಪುಸ್ತಕವೊಂದರಿಂದ ಅವರು ಒಂದು ಪುಟವನ್ನು ಹೇಳಿ ಬರೆಸಿದರು. ಕನ್ನಡವನ್ನು ಇಪ್ಪತ್ತು ವರ್ಷ ಕಲಿಸಿದವಳು ನಾನು. ನನ್ನ ಕಾಗದದಲ್ಲಿ ಹನ್ನೊಂದು ತಪ್ಪುಗಳಿದ್ದವು. ಅವುಗಳಲ್ಲಿ ಒಂಬತ್ತು ಪದಗಳ ತುದಿಯಲ್ಲಿದ್ದವು.

ಕಾರಣವು ನಮ್ಮ ಕಾಲಕೆಳಗೇ ಇತ್ತು. ಶಹಾಬಾದ್, ವಾಡಿ, ಚಿತ್ತಾಪುರ, ಸೇಡಂ ಕಡೆಯ ಭೂಮಿಯೆಲ್ಲ ಸುಣ್ಣಕಲ್ಲಿನ ಪದರುಗಳದು. ಅಲ್ಲಿಂದ ಎಬ್ಬಿಸಿದ ಶಹಾಬಾದ್ ಕಲ್ಲು ನಮ್ಮ ಮನೆ, ಶಾಲೆ, ಕಚೇರಿಗಳ ನೆಲವಾಗಿದೆ. ಬೇಸಿಗೆಯಲ್ಲಿ ತಂಪು, ತೊಳೆಯಲು ಸುಲಭ, ತಲೆಮಾರುಗಳವರೆಗೆ ಸವೆಯದು. ಆದರೆ ಅಂಥ ನುಣುಪಾದ ಗಟ್ಟಿಕಲ್ಲು ತನ್ನ ಮೇಲೆ ಬಿದ್ದ ಶಬ್ದವನ್ನು ಹೆಚ್ಚುಕಡಿಮೆ ಪೂರ್ತಿಯಾಗಿ ಹಿಂದಿರುಗಿಸುತ್ತದೆ. ನಮ್ಮ ಸಭಾಗೃಹದ ನೆಲವು ಈ ಕಲ್ಲು, ಗೋಡೆಯು ಗಿಲಾವು, ಮಾಳಿಗೆಯು ಸಿಮೆಂಟು. ಅದರ ಮೇಲೆ ಪರೀಕ್ಷೆಯ ದಿನ ರಸ್ತೆಯ ಗದ್ದಲ ಬರಬಾರದೆಂದು ಕಿಟಕಿಗಳನ್ನೆಲ್ಲ ಮುಚ್ಚಿಸುತ್ತಿದ್ದವಳು ನಾನೇ. ಬೆಳಗಿನ ಪ್ರಾರ್ಥನೆಗೆ ಶಾಲೆಯೆಲ್ಲ ಕೂಡುವಾಗ ಈ ದೋಷವು ತೋರುತ್ತಿರಲಿಲ್ಲ; ಮಕ್ಕಳ ಮೈಯೂ ಬಟ್ಟೆಯೂ ಶಬ್ದವನ್ನು ಹೀರುತ್ತಿದ್ದವು. ಉಕ್ತಲೇಖನಕ್ಕೆ ನಾಲ್ವತ್ತು ಮಂದಿಯನ್ನು ದೂರ ದೂರ ಕೂಡಿಸಿದಾಗ ಹೀರುವದಕ್ಕೆ ಏನೂ ಉಳಿಯುತ್ತಿರಲಿಲ್ಲ. ಚಪ್ಪಾಳೆ ತಟ್ಟಿ ಗಡಿಯಾರವನ್ನು ಹಿಡಿದು ನೋಡಿದರೆ ಶಬ್ದವು ಮೂರು ಸೆಕೆಂಡಿಗೂ ಹೆಚ್ಚು ಹೊತ್ತು ನಿಲ್ಲುತ್ತಿತ್ತು. ನಾವು ಒಂದು ಸೆಕೆಂಡಿನಲ್ಲಿ ಐದಾರು ಅಕ್ಷರಗಳನ್ನು ಆಡುವೆವು. ಎಂದರೆ ಹದಿನೈದು ಅಕ್ಷರಗಳು ಒಂದೇ ವೇಳೆಗೆ ಆ ಕೋಣೆಯಲ್ಲಿ ತೇಲುತ್ತಿದ್ದವು. ನಮ್ಮ ಭಾಷೆಯಲ್ಲಾದರೋ ಅರ್ಥದ ಚುಕ್ಕಾಣಿಯಿರುವದು ಪದದ ತುದಿಯಲ್ಲಿ: ಯಾರು, ಎಲ್ಲಿಗೆ, ಎಲ್ಲಿಂದ ಎಂಬದನ್ನೆಲ್ಲ ಹೇಳುವದು ಕೊನೆಯ ಪ್ರತ್ಯಯವೇ. ಆ ಕೊನೆಯ ಅಕ್ಷರವನ್ನು ನಾವು ದನಿಯನ್ನು ಇಳಿಸಿ ಆಡುತ್ತೇವೆ; ಮೊದಲಿನ ಅಕ್ಷರಗಳ ಬಾಲವು ಅದನ್ನು ಮುಚ್ಚಿಬಿಡುತ್ತದೆ. ಹುಟ್ಟುಗನ್ನಡದ ಮಗುವು ಕೇಳದ ತುದಿಯನ್ನು ರೂಢಿಯಿಂದ ತುಂಬಿಕೊಂಡು ಬರೆಯುವದು. ಮನೆಮಾತು ಬೇರೆಯಾದ ಮಗುವು ಕೇಳಿದಷ್ಟನ್ನೇ ಬರೆಯುವದು. ನಾನು ಗದರಿಸಿದ್ದು ಇಂಥ ಪ್ರಾಮಾಣಿಕವಾದ ಕಿವಿಯನ್ನು.

ಇಂಥ ತೊಂದರೆಯೇ ಶಬ್ದಶಾಸ್ತ್ರದ ಒಂದು ದೊಡ್ಡ ನಿಯಮವನ್ನು ಹುಟ್ಟಿಸಿತು. 1895ರಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಫಾಗ್ ವಸ್ತುಸಂಗ್ರಹಾಲಯದಲ್ಲಿ ಹೊಸದಾಗಿ ಕಟ್ಟಿಸಿದ ಉಪನ್ಯಾಸ ಮಂದಿರದಲ್ಲಿ ಯಾರ ಮಾತೂ ತಿಳಿಯದಾಯಿತು. ಅಲ್ಲಿ ಒಂದು ಪದವು ಸುಮಾರು ಐದೂವರೆ ಸೆಕೆಂಡು ನಿಲ್ಲುತ್ತಿತ್ತು. ಅದನ್ನು ಸರಿಪಡಿಸುವ ಕೆಲಸವು ವಾಲೇಸ್ ಸೇಬಿನ್ ಎಂಬ ತರುಣ ಅಧ್ಯಾಪಕರಿಗೆ ಬಂದಿತು. ಅವರು ರಾತ್ರಿಯ ನಿಶ್ಶಬ್ದದಲ್ಲಿ ಆರ್ಗನ್ನಿನ ಒಂದು ಕೊಳವೆಯನ್ನು ಊದಿಸಿ, ಹತ್ತಿರದ ರಂಗಮಂದಿರದಿಂದ ಆಸನದ ಮೆತ್ತೆಗಳನ್ನು ಹೊರಿಸಿ ತಂದು, ಮೆತ್ತೆಗಳು ಹೆಚ್ಚಿದಂತೆ ಶಬ್ದವು ಎಷ್ಟು ಬೇಗ ಅಡಗುವದೆಂದು ಅಳೆದರು. ಕೋಣೆಯು ದೊಡ್ಡದಾದಷ್ಟೂ ಶಬ್ದವು ಹೆಚ್ಚು ಹೊತ್ತು ನಿಲ್ಲುವದು. ಹೀರುವ ವಸ್ತು ಹೆಚ್ಚಾದಷ್ಟೂ ಕಡಿಮೆ ಹೊತ್ತು ನಿಲ್ಲುವದು. ಹೀರುವ ಶಕ್ತಿಗೆ ಅವರು ಇಟ್ಟ ಅಳತೆಯಾದರೂ ಯಾವದು? ತೆರೆದ ಕಿಟಕಿ! ಅದರಿಂದ ಹೊರಗೆ ಹೋದ ಶಬ್ದವು ಮರಳಿ ಬಾರದಷ್ಟೆ. ನಾನು ಮುಚ್ಚಿಸಿದ ಕಿಟಕಿಗಳು ನೆನಪಾಗಿ ಇದನ್ನು ಓದುವಾಗ ನನಗೆ ನಾಚಿಕೆಯಾಯಿತು.

ನಮ್ಮಲ್ಲಿ ಮೆತ್ತೆಗಳಿಲ್ಲ, ಆದರೆ ಈ ಸೀಮೆಯ ಪ್ರತಿಯೊಂದು ಮನೆಯಲ್ಲಿಯೂ ಹಳೆಯ ಸೀರೆಗಳನ್ನು ಪದರು ಪದರಾಗಿ ಹೊಲಿದ ಕೌದಿಯಿದೆ. ತಾಯಂದಿರ ಸಭೆಯಲ್ಲಿ ವಿಷಯವನ್ನು ತಿಳಿಸಿದೆವು. ಎರಡು ವಾರಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಕೌದಿಗಳು ಬಂದವು. ಅವುಗಳನ್ನು ಹಿಂದಿನ ಗೋಡೆಗೂ ಪಕ್ಕದ ಗೋಡೆಗಳಿಗೂ ತುಸು ಅಂತರಬಿಟ್ಟು ತೂಗುಹಾಕಿದೆವು. ವೇದಿಕೆಯ ಮುಂದೆ ಜಮಖಾನೆಯನ್ನು ಹಾಸಿದೆವು. ರಸ್ತೆಯ ಕಡೆಯವನ್ನು ಬಿಟ್ಟು ಉಳಿದ ಕಿಟಕಿಗಳನ್ನು ತೆರೆದಿಟ್ಟೆವು. ಚಪ್ಪಾಳೆಯ ಶಬ್ದವು ಈಗ ಎರಡು ಸೆಕೆಂಡಿನೊಳಗೆ ಅಡಗುತ್ತದೆ. ಉಕ್ತಲೇಖನವನ್ನು ಹೇಳುವವರು ವೇದಿಕೆಯಿಂದ ಇಳಿದು ನಡುವಿನ ದಾರಿಯಲ್ಲಿ ನಿಂತು, ಪದದ ತುದಿಯನ್ನು ನುಂಗದೆ, ಮಾತಿಗೂ ಮಾತಿಗೂ ನಡುವೆ ಉಸಿರಿನಷ್ಟು ಬಿಡುವನ್ನು ಕೊಟ್ಟು ಹೇಳಬೇಕೆಂದು ಗೊತ್ತುಮಾಡಿದೆವು.

ಎಲ್ಲರೆದುರಿಗೆ ಗದರಿಸಿದ್ದನ್ನು ಎಲ್ಲರೆದುರಿಗೇ ಹಿಂತೆಗೆದುಕೊಳ್ಳಬೇಕಲ್ಲವೆ? ಒಂಬತ್ತನೆಯ ತರಗತಿಯಲ್ಲಿ ನನ್ನ ಹನ್ನೊಂದು ತಪ್ಪುಗಳ ಕಾಗದವನ್ನು ತೋರಿಸಿ, ಆ ಹುಡುಗಿಯ ಕ್ಷಮೆಯನ್ನು ಕೇಳಿದೆನು. ಅವಳು ತಲೆ ತಗ್ಗಿಸಿ ನಕ್ಕಳು. ಹಿಂದಿನ ಬೆಂಚಿನಿಂದ ಮತ್ತೊಬ್ಬಳು, “ಅಕ್ಕೋರೇ, ಹಂಗಾದ್ರ ನೀವೂ ಇಪ್ಪತ್ತೈದು ಸಲ ಬರೀಬೇಕಲ್ರೀ?” ಎಂದಳು. ನ್ಯಾಯವಾದ ಮಾತು. ಅಂದು ರಾತ್ರಿ ಹನ್ನೊಂದು ಪದಗಳನ್ನು ಇಪ್ಪತ್ತೈದು ಸಲ ಬರೆದು, ಮರುದಿನ ತರಗತಿಯ ಮುಂದಿಟ್ಟೆನು. ಕೈ ನೋಯುತ್ತದೆಂಬದನ್ನೂ ಆಗಲೇ ತಿಳಿದೆನು.

ಆ ಹುಡುಗಿಯ ತಪ್ಪುಗಳೆಲ್ಲ ಒಂದೇ ದಿನದಲ್ಲಿ ಮಾಯವಾದವೆಂದು ಹೇಳಿದರೆ ಸುಳ್ಳಾದೀತು. ಕೆಲವು ನಿಜವಾಗಿಯೂ ವ್ಯಾಕರಣದವೇ ಆಗಿದ್ದವು. ಆದರೆ ಕೋಣೆಯ ತಪ್ಪು ಯಾವದು, ಮಗುವಿನ ತಪ್ಪು ಯಾವದು ಎಂಬದು ಬೇರ್ಪಟ್ಟ ಮೇಲೆ ಉಳಿದದ್ದನ್ನು ಕಲಿಸುವದು ಕಷ್ಟವಾಗಲಿಲ್ಲ.

ಧ್ವನಿವರ್ಧಕವು ಈಗಲೂ ಪ್ರಾರ್ಥನೆಯ ವೇಳೆಗೆ ಹೊರಗೆ ಬರುತ್ತದೆ. ಅದರ ರಿವರ್ಬ್ ಗುಂಡಿಯ ಸುತ್ತಲೂ ಹುಡುಗಿಯರು ಸುಣ್ಣದ ಕಡ್ಡಿಯಿಂದ ಎರಡು ಗುರುತುಗಳನ್ನು ಹಾಕಿದ್ದಾರೆ: ಮೇಲಿನದು ‘ಹಾಡು’, ಕೆಳಗಿನದು ‘ಮಾತು’. ಗುರುತು ಅಳಿಸಿದಾಗಲೆಲ್ಲ ಮತ್ತೆ ಬರೆಯುವ ಕೆಲಸವು ಹಿಂದಿನ ಬೆಂಚಿನವರದು. ಗೋಡೆಯ ಕೌದಿಗಳಲ್ಲಿ ಕನ್ನಡಿಯ ಚೂರುಗಳನ್ನು ಕೂಡಿಸಿದ ಒಂದು ಕೌದಿಯು ತಾಂಡೆಯಿಂದ ಬಂದದ್ದು. ಬೆಳಗಿನ ಬಿಸಿಲು ಅದರ ಮೇಲೆ ಬೀಳುವ ಹೊತ್ತಿಗೆ ನಮ್ಮ ಹಾಡು ಪ್ರಾರಂಭವಾಗುತ್ತದೆ.